ಒಪ್ಪಿಸತಕ್ಕದ್ದು

ನಿನ್ನೆ ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹಿಂದಿನ ಓಣಿಯ ಕಲ್ಯಾಣ ಮಂಟಪದ ಮೈಕು ನಮ್ಮ ಅಡುಗೆಮನೆಯ ಕಿಟಕಿಗೇ ಬಾಯಿ ಇಟ್ಟಂತೆ ಕೂಗಿತು: "ಬಂಧುಗಳೇ, ಈಗ ಹೆಣ್ಣು ಒಪ್ಪಿಸುವ ಕಾರ್ಯಕ್ರಮ. ದಯವಿಟ್ಟು ಅದು ಮುಗಿಯುವ ತನಕ ಯಾರೂ ಊಟದ ಹಾಲಿಗೆ ನುಗ್ಗಬಾರದು." ನನ್ನ ಕೈ ಅಲ್ಲೇ ನಿಂತಿತು. ಸಾಸಿವೆ ಕರ್ರಗಾಯಿತು, ಮೆಣಸಿನಕಾಯಿ ಸೀದು ಮನೆಯೆಲ್ಲ ಘಾಟು ತುಂಬಿತು. ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ನಮ್ಮ ಯಜಮಾನರು ಕೆಮ್ಮುತ್ತ, "ಏನ ಸುಡಾಕತ್ತೀದಿ?" ಎಂದರು. ಒಂದು ಶಬ್ದ ಸುಡಾಕತ್ತೇನಿ ಅನ್ನಬೇಕೆನಿಸಿತು. ಅಂದಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ.

ಹೆಣ್ಣು ಒಪ್ಪಿಸುವುದನ್ನು ನೀವೂ ನೋಡಿರುತ್ತೀರಿ. ಅಲ್ಲಿಯವರೆಗೆ ಬಾಳೆಎಲೆ ಸಾಲಲಿಲ್ಲ, ಬೀಗರಿಗೆ ಕುರ್ಚಿ ಸಿಗಲಿಲ್ಲ ಎಂದು ಓಡಾಡುತ್ತಿದ್ದ ತಾಯಿ ಒಮ್ಮೆಲೇ ನಿಂತು ಮಗಳ ಕೈಯನ್ನು ಅತ್ತೆಯ ಕೈಯಲ್ಲಿಟ್ಟು, "ಇಷ್ಟು ದಿನ ನಮ್ಮ ಮಗಳು, ಇನ್ನ ನಿಮ್ಮ ಮಗಳು" ಎನ್ನುತ್ತಾಳೆ. ಎಲ್ಲರೂ ಅಳುತ್ತಾರೆ. ನಾನಂತೂ ಗುರುತು ಪರಿಚಯ ಇಲ್ಲದವರ ಮದುವೆಯಲ್ಲೂ ಅತ್ತವಳು. ಆದರೆ ಈಗ ಕೆಲವು ವರ್ಷಗಳಿಂದ ಆ ಶಬ್ದ ಕಿವಿಗೆ ಬಿದ್ದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ನನ್ನ ಆಯುಷ್ಯದ ಒಂದು ಪಾಲನ್ನು ತಿಂದು ಹಾಕಿದ ಶಬ್ದ ಅದು.

ಅದಕ್ಕೆ ಕಾರಣ ನಮ್ಮ ಮಹಾಂತೇಶ ಮತ್ತು ಸುಜಾತಾ. ಮಹಾಂತೇಶ ನನ್ನ ತಮ್ಮನ ಮಗ, ಹಾವೇರಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಸುಜಾತಾ ನನ್ನ ಮೈದುನನ ಮಗಳು, ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಾಳೆ. ಅವನು ನನ್ನ ತವರಿನ ಹುಡುಗ, ಅವಳು ನನ್ನ ಗಂಡನ ಮನೆಯ ಹುಡುಗಿ. ಇಬ್ಬರಿಗೂ ಮದುವೆ ಮಾಡಿದರೆ ನನಗೆ ಹೋಗಿ ಬರಲು ಅನುಕೂಲ ಎಂದು ಹಿರಿಯರು ನಕ್ಕಿದ್ದರು. ಅನುಕೂಲ ಎಷ್ಟಾಯಿತೆಂಬುದನ್ನು ಮುಂದೆ ಹೇಳುತ್ತೇನೆ. ಅವರು ಯಾಕೆ ಬೇರೆಯಾದರು ಎಂದು ಮಾತ್ರ ಕೇಳಬೇಡಿ. ಕುಡಿತ ಇಲ್ಲ, ಬಡಿತ ಇಲ್ಲ. ಅವಳು ಫೋನಿನಲ್ಲಿ ತಾಸುಗಟ್ಟಲೆ ತನ್ನ ಕಡೆಯದನ್ನು ಹೇಳಿದಳು, ಅವನು ಇದೇ ಪಡಸಾಲೆಯಲ್ಲಿ ಕುಳಿತು ತನ್ನ ಕಡೆಯದನ್ನು ಹೇಳಿದ. ಎರಡೂ ಖರೆ ಅನಿಸಿದವು. ಒಂದೇ ಕೋಣೆಯಲ್ಲಿ ಇಬ್ಬರೂ ಇರಲಾರರು, ಅಷ್ಟೇ ನನಗೆ ಅರ್ಥವಾದದ್ದು.

ಅವರಿಗೊಬ್ಬಳು ಮಗಳು, ಸಿಂಚನಾ. ಎಲ್ಲರಿಗೂ ಚಿನ್ನು. ಆಗ ಅವಳು ರಾಣೆಬೆನ್ನೂರಿನ ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆ. ಮಗು ತಾಯಿಯ ಹತ್ತಿರ ಇರಲಿ, ಹದಿನೈದು ದಿನಕ್ಕೊಮ್ಮೆ ತಂದೆಯ ಹತ್ತಿರ ಹೋಗಿ ಒಂದು ರಾತ್ರಿ ಇದ್ದು ಬರಲಿ ಎಂದು ಹಾವೇರಿಯ ಕೋರ್ಟು ಹೇಳಿತು. ಸರಿಯಾದ ಮಾತೇ. ಆದರೆ ಎಲ್ಲಿ ಕೊಡುವುದು, ಎಲ್ಲಿ ತೆಗೆದುಕೊಳ್ಳುವುದು? ನಿನ್ನ ಬಾಗಿಲಿಗೆ ನಾನು ಬರುವುದಿಲ್ಲ, ನನ್ನ ಬಾಗಿಲಿಗೆ ನೀನು ಬರಬಾರದು. ಎರಡೂ ಕಡೆಯ ವಕೀಲರು ಯೋಚನೆ ಮಾಡಿದರು. ಹಾವೇರಿಯಿಂದ ಬರುವ ಬಸ್ಸೂ ರಾಣೆಬೆನ್ನೂರಿನಿಂದ ಬರುವ ಬಸ್ಸೂ ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಗೆ ತಿರುಗುತ್ತವೆ. ಬ್ಯಾಡಗಿಯಲ್ಲಿ ನಾನಿದ್ದೇನೆ, ಇಬ್ಬರಿಗೂ ಬೇಕಾದವಳು. ಹಾಗಾಗಿ ನಮ್ಮ ಮನೆಯ ಪಡಸಾಲೆ ಕೋರ್ಟಿನ ಆದೇಶದೊಳಗೆ ಸೇರಿಕೊಂಡಿತು.

ನನ್ನನ್ನು ಕೇಳಿದರೇ ಅಂತೀರಾ? ಒಬ್ಬ ವಕೀಲರು ಫೋನು ಮಾಡಿದ್ದರು. "ನೀವೇನೂ ಮಾಡೂದಿಲ್ರಿ ಅಮ್ಮಾರ. ಯಾರ ಪರಾನೂ ಮಾತಾಡಬ್ಯಾಡ್ರಿ. ನೀವು ಬರೇ ಜಾಗಾ ಅಷ್ಟ" ಎಂದರು. ನಾನು ದೂರವಾಣಿ ಕೇಂದ್ರದಲ್ಲಿ ಆಪರೇಟರ್ ಆಗಿ ದುಡಿದವಳು. ಈ ಕಡೆಯವರನ್ನೂ ಆ ಕಡೆಯವರನ್ನೂ ಜೋಡಿಸಿ, ನಡುವೆ ಬಾಯಿ ಹಾಕದೆ ಕೂರುವುದು ನನಗೆ ಹೊಸದಲ್ಲ. ಆದರೆ ಜಾಗ ಎನಿಸಿಕೊಂಡದ್ದು ಅದೇ ಮೊದಲು. ಜಾಗ ಚಹಾ ಮಾಡುತ್ತದೆಯೇ? ಜಾಗ ಬಂದವರಿಗೆ ಗಿರ್ಮಿಟ್ ಕಲಸಿ ಕೊಡುತ್ತದೆಯೇ? ನಮ್ಮ ಯಜಮಾನರು ಆ ಶನಿವಾರಗಳಂದು ಬೆಳಿಗ್ಗೆಯೇ ಎದ್ದು ಕಾಗಿನೆಲೆಗೆ ಹೋಗಿ ಬರುತ್ತೇನೆ ಎಂದು ಹೊರಟುಬಿಡುತ್ತಿದ್ದರು. ಆ ಮನುಷ್ಯನಲ್ಲಿ ಅಷ್ಟು ಭಕ್ತಿಯನ್ನು ನಾನು ಅದಕ್ಕೂ ಮೊದಲು ಕಂಡಿಲ್ಲ, ಆಮೇಲೂ ಕಂಡಿಲ್ಲ.

ಆದೇಶದಲ್ಲಿ ಹೀಗಿತ್ತು. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ತಾಯಿಯ ಕಡೆಯವರು ಅಪ್ರಾಪ್ತ ಬಾಲಕಿಯನ್ನು ತಂದೆಗೆ ಒಪ್ಪಿಸತಕ್ಕದ್ದು. ಭಾನುವಾರ ಸಂಜೆ ತಂದೆಯು ಬಾಲಕಿಯನ್ನು ಮರಳಿ ಒಪ್ಪಿಸತಕ್ಕದ್ದು. ಎಷ್ಟು ಸೊಗಸಾದ ಕನ್ನಡ ನೋಡಿ. ಬರೆದವರು ಅದನ್ನು ಬರೆದು ಮನೆಗೆ ಹೋಗಿ ಉಂಡು ಮಲಗಿರಬೇಕು.

ಮೊದಲ ಶನಿವಾರ ಮಗುವನ್ನು ಕರೆತಂದದ್ದು ಸುಜಾತಾಳ ತಾಯಿ ಗೌರವ್ವ, ನನ್ನ ಮೈದುನನ ಹೆಂಡತಿ, ಅಂದರೆ ನೆಗೆಣ್ಣಿ. ಸುಜಾತಾಳಿಗೆ ಶನಿವಾರ ಅರ್ಧ ದಿನ ಕೆಲಸ, ಮೇಲಾಗಿ ಅವನ ಮುಖ ನೋಡುವ ಮನಸ್ಸಿಲ್ಲ. ಚಿನ್ನು ಹಳದಿ ಫ್ರಾಕು ಹಾಕಿಕೊಂಡು, ಶಾಲೆಯ ಚೀಲದಲ್ಲೇ ರಾತ್ರಿಯ ಬಟ್ಟೆ ತುಂಬಿಕೊಂಡು ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಳಿತಳು. ಮಹಾಂತೇಶ ಬಂದು ಹೊಸ್ತಿಲ ಹೊರಗೇ ನಿಂತ. ಒಳಗೆ ಬರಬೇಡ ಎಂದು ವಕೀಲರು ಹೇಳಿದ್ದರಂತೆ. ಇವನಿಗೆ ಗೌರವ್ವನನ್ನು ಈಗ ಏನೆಂದು ಕರೆಯಬೇಕೋ ತಿಳಿಯದು. ಅತ್ತಿಯವರ ಎಂದರೆ ಅವಳು ಸಿಟ್ಟಾಗುತ್ತಾಳೆ, ಹೆಸರು ಹಿಡಿದರೆ ತಪ್ಪಾಗುತ್ತದೆ. ಹಾಗಾಗಿ ಎಲ್ಲ ಮಾತೂ ಸೋದರತ್ತೆಯಾದ ನನ್ನ ಮೂಲಕ.

"ಅತ್ತಿ, ಕೂಸನ್ನ ಒಪ್ಪಸ್ರಿ ಅಂತ ಹೇಳು ಅವರಿಗೆ" ಎಂದ.

ಗೌರವ್ವ ಆ ಶಬ್ದ ಕೇಳಿದ್ದೇ ತಡ, ಮಗುವಿನ ಕೈ ಹಿಡಿದುಕೊಂಡಳು. "ಒಪ್ಪಸೂದಂದ್ರೇನು ಯಕ್ಕಾ? ಒಮ್ಮೆ ಒಪ್ಪಿಸಿದ ಮ್ಯಾಲ ಮುಗೀತು, ನಮ್ಮ ಕೂಸು ಅಲ್ಲ ಅದು. ಸುಜಾತಾನ್ನ ಹಂಗ ಒಪ್ಪಿಸಿದ್ದೆ ಇವರಿಗೆ. ಏನಾತು ನೋಡಿದ್ರಲ್ಲ. ಮೊಮ್ಮಗಳನ್ನೂ ಒಪ್ಪಸಂದ್ರ ನಾ ಒಪ್ಪಸಂಗಿಲ್ಲ. ಬೇಕಾದ್ರ ಕರಕೊಂಡು ಹೋಗಂತ ಹೇಳ್ರಿ."

"ನಾನಾಗಿ ಕರಕೊಂಡು ಹೋದ್ರ, ಎತ್ತಿಕೊಂಡು ಹೋದ ಅಂತ ನಾಳೆ ಕಂಪ್ಲೇಂಟ್ ಕೊಡ್ತಾರ. ಒಪ್ಪಸಬೇಕಂತ ಬರದಾರ. ಒಪ್ಪಸ್ಲಿ."

"ಗೌರವ್ವಾ, ನಾಳೆ ಸಂಜೀಕ ಮರಳಿ ಒಪ್ಪಸ್ತಾನಂತ ಅದರಾಗ ಬರದೈತೆಲ್ಲ?" ಎಂದೆ ನಾನು, ಜಾಗ ಮಾತಾಡಬಾರದೆಂಬುದನ್ನು ಮರೆತು.

"ಮರಳಿ ಒಪ್ಪಸೂದಂತ! ಯಾವ ಮದುವ್ಯಾಗ ನೋಡೀರಿ ಯಕ್ಕಾ ನೀವು, ಮರಳಿ ಒಪ್ಪಸೂದು?"

ಇದಕ್ಕೆ ನಾನೇನು ಹೇಳಲಿ, ನೀವೇ ಹೇಳಿ. ಅವನು ಹೊಸ್ತಿಲ ಹೊರಗೆ ಕೈ ಕಟ್ಟಿ ನಿಂತಿದ್ದಾನೆ, ಇವಳು ಒಳಗೆ ಮಗುವಿನ ಕೈ ಹಿಡಿದು ನಿಂತಿದ್ದಾಳೆ. ಮಗು ಒಮ್ಮೆ ಅಪ್ಪನನ್ನು, ಒಮ್ಮೆ ಆಯಿಯನ್ನು, ಅಂದರೆ ಅಜ್ಜಿಯನ್ನು, ನೋಡುತ್ತಿದೆ. ಒಲೆಯ ಮೇಲೆ ನನ್ನ ಚಹಾ ಉಕ್ಕಿ ಚೆಲ್ಲುತ್ತಿದೆ. ಒಪ್ಪಸ್ರಿ, ಒಪ್ಪಸಂಗಿಲ್ಲ, ಒಪ್ಪಸ್ರಿ, ಒಪ್ಪಸಂಗಿಲ್ಲ. ಕೊನೆಗೆ ಅವನು, "ಆತು ಅತ್ತಿ, ನೀನ ಸಾಕ್ಷಿ. ಅವರು ಒಪ್ಪಿಸ್ಲಿಲ್ಲ, ನಾ ಹೊಂಟೆ" ಎಂದು ಬೈಕು ಹತ್ತಿ ಹೋಗಿಬಿಟ್ಟ. ಚಿನ್ನು ಬೆಂಚಿನಿಂದ ಇಳಿದು ಗೇಟಿನ ತನಕ ಓಡಿದಳು. ಆಮೇಲೆ ಬಂದು ನಾನು ಕೊಟ್ಟ ಗಿರ್ಮಿಟ್ಟನ್ನು ಮುಟ್ಟದೆ ಕುಳಿತಳು. ಅತ್ತಿದ್ದರೆ ಎತ್ತಿಕೊಳ್ಳುತ್ತಿದ್ದೆ. ಅಳಲಿಲ್ಲ. ಏನೋ ಲೆಕ್ಕ ತಪ್ಪಿದವಳಂತೆ ಹುಬ್ಬು ಗಂಟು ಹಾಕಿಕೊಂಡಿದ್ದಳು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಮುಂದಿನ ಶನಿವಾರಗಳಂದು ಒಬ್ಬರು ಬಂದರೆ ಇನ್ನೊಬ್ಬರಿಲ್ಲ. ಅವನ ವಕೀಲರು ಅರ್ಜಿ ಹಾಕಿದರು. ಆದೇಶ ಪಾಲಿಸಲಿಲ್ಲ ಎಂದು ಇವನು, ಒತ್ತಾಯ ಮಾಡಿದ ಎಂದು ಅವಳು. ಮಳೆಗಾಲ ಮುಗಿದು ಹೊಲದಲ್ಲಿ ಗೋವಿನಜೋಳ ಮುರಿಯುವ ಹೊತ್ತಾದರೂ ಮಗು ಅಪ್ಪನ ಮುಖ ನೋಡಲಿಲ್ಲ. ಕಡೆಗೆ ಜಡ್ಜ್ ಸಾಹೇಬರು ಬೇಸತ್ತು, ಇನ್ನೊಂದೇ ಅವಕಾಶ ಎಂದರಂತೆ. ಈ ಸಲವೂ ಕೆಟ್ಟರೆ ಮನೆಗೆ ಕರೆದೊಯ್ಯುವುದೆಲ್ಲ ಬಂದ್. ತಂದೆ ಕೋರ್ಟಿಗೇ ಬಂದು, ಅಲ್ಲಿನ ಕೋಣೆಯೊಂದರಲ್ಲಿ ಸಿಬ್ಬಂದಿಯ ಎದುರು ಒಂದು ತಾಸು ಮಗಳ ಜೊತೆ ಕೂತು ಹೋಗಬೇಕು. ನಾನು ಆ ಕೋಣೆ ನೋಡಿದ್ದೇನೆ. ಗೋಡೆಗೆ ಒಂದು ಕರಡಿಯ ಚಿತ್ರ, ಒಂದು ಚಕ್ರ ಮುರಿದ ಆಟದ ಲಾರಿ. ಅಲ್ಲಿ ಕೂತು ಅಪ್ಪ ಮಗಳು ಏನು ಮಾತಾಡಿಯಾರು? ನಾಲ್ಕು ಸಲ ಹೋಗುತ್ತಾನೆ, ಐದನೆಯ ಸಲ ಅಂಗಡಿಯಲ್ಲಿ ಗಿರಾಕಿ ಇದ್ದಾರೆ ಎನ್ನುತ್ತಾನೆ, ಆಮೇಲೆ ಮುಗಿಯಿತು. ಅವನನ್ನು ಎತ್ತಿ ಆಡಿಸಿದವಳು ನಾನು, ಅವನ ಸ್ವಭಾವ ನನಗೆ ಗೊತ್ತು.

ಹಾಗಾಗಿ ಬೇರೆ ಶಬ್ದ ಹುಡುಕಲು ಹೊರಟೆ. ನಗಬೇಡಿ. ಗೌರವ್ವನಿಗೆ ಫೋನು ಹಚ್ಚಿ, "ಒಪ್ಪಸೂದು ಬ್ಯಾಡ, ಕೊಡ್ತೇನಿ ಅನ್ನು" ಎಂದೆ. "ಹೆಣ್ಣು ಕೊಡೂದಂದ್ರ ಏನಂತ ನಿಮಗ ಗೊತ್ತಿಲ್ಲೇನ್ರಿ ಯಕ್ಕಾ?" ಎಂದಳು. ಸರಿ, ಬಿಟ್ಟು ಹೋಗ್ತೇನಿ ಅನ್ನು ಎನ್ನಹೋಗಿ ನಾಲಿಗೆ ಕಚ್ಚಿಕೊಂಡೆ. ಗಂಡ ಬಿಟ್ಟಾಕಿ ಎಂದು ಅವಳ ಮಗಳನ್ನು ಓಣಿಯವರು ಅನ್ನುತ್ತಿದ್ದ ಕಾಲ ಅದು, ಆ ಮನೆಯಲ್ಲಿ ಬಿಡು ಎಂಬ ಶಬ್ದವನ್ನೇ ಎತ್ತುವಂತಿರಲಿಲ್ಲ. ಕಳಸ್ತೇನಿ ಎಂದರೆ ನಡೆದೀತು ಎಂದಳು. ಕುಣಿಯುತ್ತ ಮಹಾಂತೇಶನಿಗೆ ಹೇಳಿದೆ. ಅವನು ವಕೀಲರನ್ನು ಕೇಳಿ ತಿರುಗಿ ಫೋನು ಮಾಡಿದ. "ಕಳಸೂದಂದ್ರ ಅವರ ಮರ್ಜಿ ಮ್ಯಾಲ ಕಳಿಸಿದಂಗ ಆಕ್ಕೈತಂತ ಅತ್ತಿ. ಒಪ್ಪಸೂದಂದ್ರ ನನ್ನ ಹಕ್ಕಿನ ಪ್ರಕಾರ." ನಾನು ಫೋನು ಕುಕ್ಕಿದೆ. ಇಷ್ಟು ದೊಡ್ಡ ಭಾಷೆಯಲ್ಲಿ ಒಂದು ಮಗು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ಒಂದು ಸರಿಯಾದ ಕ್ರಿಯಾಪದ ಇಲ್ಲವೇ?

ಆ ಶನಿವಾರ ಬಂತು. ಯಜಮಾನರು ಕಾಗಿನೆಲೆ ಸಾಲದೆಂದು ದೇವರಗುಡ್ಡಕ್ಕೇ ಹೋದರು. ಗೌರವ್ವ ಬಂದಳು, ಚಿನ್ನು ಅದೇ ಬೆಂಚಿನ ಮೇಲೆ ಕುಳಿತಳು. ಹಳದಿ ಫ್ರಾಕು ಇರಲಿಲ್ಲ, ಶಾಲೆಯ ಯೂನಿಫಾರ್ಮು ಹಾಕಿ, ಎರಡು ಜಡೆ ಹೆಣೆದು ರಿಬ್ಬನ್ನು ಕಟ್ಟಿಸಿಕೊಂಡು ಬಂದಿದ್ದಳು. ರಜೆಯ ದಿನ ಯೂನಿಫಾರ್ಮು ಯಾಕೆ ಎಂದರೆ, "ಅದನ್ನ ಹಾಕ್ಕೋತೇನಂತ ಹಟಾ ಮಾಡಿದ್ಲು ಯಕ್ಕಾ" ಎಂದಳು ಗೌರವ್ವ. ಮಗುವಿನ ತುಟಿ ಅಲ್ಲಾಡುತ್ತಿತ್ತು. ಪಾಪ, ದೇವರನ್ನು ಬೇಡಿಕೊಳ್ಳುತ್ತಿದೆ ಎಂದುಕೊಂಡೆ.

ಮಹಾಂತೇಶ ಬಂದು ಹೊಸ್ತಿಲ ಹೊರಗೆ ನಿಂತ. ನಾನು ದೇವರಾಣೆ ಒಂದು ಮಾತೂ ಆಡಲಿಲ್ಲ. ಅವನು, "ಅತ್ತಿ, ಇವತ್ತರ ಒಪ್ಪಸ್ತಾರೇನು ಕೇಳು" ಎಂದ. ಗೌರವ್ವ, "ನಾ ಮೊದಲ ಹೇಳೇನಿ, ಕಳಸ್ತೇನಿ ಅಂತ ಹೇಳೇನಿ, ಒಪ್ಪಸೂದು ಮಾತ್ರ ನನ್ನ ಬಾಯಾಗ ಬರಂಗಿಲ್ಲ" ಎಂದಳು. ಇವನು, "ಹಂಗಾರ ನಾ ಕೋರ್ಟಿನ್ಯಾಗ ನೋಡ್ಕೋತೇನಿ" ಎಂದು ಗೇಟಿನ ಕಡೆ ತಿರುಗಿದ. ಇಬ್ಬರ ತಲೆಯನ್ನೂ ಹಿಡಿದು ಢಿಕ್ಕಿ ಹೊಡೆಸಬೇಕು ಎಂಬಷ್ಟು ಸಿಟ್ಟು ಬಂತು.

"ನಾ ಒಪ್ಪಸ್ತೇನ್ರಿ" ಎಂದಿತು ಒಂದು ದನಿ.

ಚಿನ್ನು ಬೆಂಚಿನಿಂದ ಇಳಿದು ಪಡಸಾಲೆಯ ನಡುವೆ ಬಂದು ನಿಂತಿದ್ದಳು. ಕಾಲು ಜೋಡಿಸಿದ್ದಳು, ಎದೆಯ ಮೇಲೆ ಕೈ ಕಟ್ಟಿದ್ದಳು. ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ. ಮಹಾಂತೇಶ ತಿರುಗಿ ನಿಂತ.

"ಏಳೊಂದ್ಲೆ ಏಳು. ಏಳೆರಡ್ಲೆ ಹದಿನಾಲ್ಕು. ಏಳ್ಮೂರ್ಲೆ ಇಪ್ಪತ್ತೊಂದು."

ನಮಗೆ ಯಾರಿಗೂ ಏನೂ ತಿಳಿಯಲಿಲ್ಲ. ಗೌರವ್ವ ನನ್ನ ಮುಖ ನೋಡಿದಳು. ಮಗು ಒಂದೇ ಉಸಿರಿನಲ್ಲಿ ಹೇಳುತ್ತ ಹೋಯಿತು. ಏಳೆಂಟ್ಲೆ ಎಂಬಲ್ಲಿ ತಡವರಿಸಿತು. ಉಗುಳು ನುಂಗಿತು, ಮೇಲೆ ತೊಲೆಯ ಕಡೆ ನೋಡಿತು. ಅಷ್ಟು ಹೊತ್ತು ಮೂವರೂ ದೊಡ್ಡವರು ಉಸಿರು ಬಿಗಿ ಹಿಡಿದು ನಿಂತಿದ್ದೆವು, ಯಾಕೆಂದು ಗೊತ್ತಿಲ್ಲದೆಯೇ. "ಐವತ್ತಾರು" ಎಂದಳು. ಆಮೇಲೆ ಸರಾಗವಾಗಿ ಎಪ್ಪತ್ತರ ತನಕ ಹೋಗಿ ನಿಂತಳು.

"ಒಪ್ಪಿಸಿದೆ ಅಪ್ಪಾ. ಹೋಗೂಣೇನು?" ಎಂದಳು. ಅವನು ಬೈಕಿನ ಕೀಲಿ ಹಿಡಿದುಕೊಂಡೇ ನಿಂತಿದ್ದ. ಸಾಲಲಿಲ್ಲ ಎಂದುಕೊಂಡಳೋ ಏನೋ, ಮೆಲ್ಲಗೆ ಸೇರಿಸಿದಳು: "ಹ್ವಾದ ಸಲ ನನಗ ಬಂದಿರಲಿಲ್ಲ. ಅದಕ್ಕ ನೀ ಹಂಗ ಹೋದಿ. ಈಗ ಕಲ್ತೇನಿ."

ಶಾಲೆಯಲ್ಲಿ ಗುರುಗಳ ಮುಂದೆ ನಿಂತು ಪಾಠ ಒಪ್ಪಿಸುತ್ತಾರೆ, ಪದ್ಯ ಒಪ್ಪಿಸುತ್ತಾರೆ, ಮಗ್ಗಿ ಒಪ್ಪಿಸುತ್ತಾರೆ. ಆ ವಯಸ್ಸಿಗೆ ಅವಳಿಗೆ ಗೊತ್ತಿದ್ದ ಒಪ್ಪಿಸುವುದು ಅದೊಂದೇ. ಒಪ್ಪಿಸದಿದ್ದರೆ ಮನೆಗೆ ಬಿಡುವುದಿಲ್ಲ, ಅದೂ ಗೊತ್ತು. ಒಪ್ಪಸ್ರಿ ಎಂದು ಅಪ್ಪ ಬಾಗಿಲಲ್ಲಿ ನಿಂತು ಕೇಳಿದ, ತಾನು ಒಪ್ಪಿಸಲಿಲ್ಲ, ಅಪ್ಪ ಸಿಟ್ಟಾಗಿ ಹೋದ. ಇಷ್ಟು ದಿನ ನಾವೆಲ್ಲ ವಕೀಲರು, ಹಕ್ಕು, ಮರ್ಜಿ ಎಂದು ಬಡಿದಾಡುತ್ತಿದ್ದಾಗ ಆ ಕೂಸು ತಪ್ಪು ತನ್ನದೆಂದು ತಿಳಿದು ಮೂಲೆಯಲ್ಲಿ ಕೂತು ಮಗ್ಗಿ ಉರು ಹೊಡೆದಿತ್ತು. ನಮ್ಮ ಮುಖಕ್ಕೆ ಯಾರಾದರೂ ಉಗುಳಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಗೌರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ನನ್ನ ಮೂಲಕ ಹೇಳದೆ, ಎಷ್ಟೋ ತಿಂಗಳ ಮೇಲೆ ಮೊದಲ ಸಲ, ನೇರವಾಗಿ ಅವನಿಗೇ ಹೇಳಿದಳು. "ಒಪ್ಪಿಸಿದ್ಲಪಾ ಮಾಂತೇಶ. ಕೇಳಿದಿಲ್ಲೋ? ಇನ್ನೇನು ಬೇಕು ನಿನಗ?"

"ಕೇಳಿದೆ ರೀ" ಎಂದ ಅವನು. ಹೊಸ್ತಿಲು ದಾಟಿ ಒಳಗೆ ಬಂದು ಅವಳ ಚೀಲ ಎತ್ತಿಕೊಂಡ. ಗೌರವ್ವ ಬೆಂಚಿನ ಮೇಲೆ ಕೂತು ತುಂಬ ಹೊತ್ತು ಅತ್ತಳು, ಆದರೆ ತಡೆಯಲಿಲ್ಲ. ಸಂಜೆ ಅವನ ವಕೀಲರು ನನಗೆ ಫೋನು ಮಾಡಿ, "ಒಪ್ಪಿಸಿದ್ರೇನ್ರಿ ಅಮ್ಮಾರ?" ಎಂದು ಕೇಳಿದರು. ಒಪ್ಪಿಸಿದ್ರು ಎಂದೆ. ಯಾರು, ಏನನ್ನು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂದಿನಿಂದ ಜಗಳ ನಿಂತಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ತಲೆಯಲ್ಲಿ ಹೇನು ಎಲ್ಲಿಂದ ಬಂತು ಎಂದು ಜಗಳವಾಯಿತು. ಹೋಮ್‌ವರ್ಕು ಯಾರ ಮನೆಯಲ್ಲಿ ಮಾಡಿಸಬೇಕು ಎಂದಾಯಿತು, ದೀಪಾವಳಿಯ ಪಾಡ್ಯ ಯಾರದು ಎಂದು ವಕೀಲರ ತನಕ ಹೋಯಿತು. ನನ್ನ ಗಿರ್ಮಿಟ್ಟಿನಲ್ಲಿ ಖಾರ ಹೆಚ್ಚು ಎಂದೂ ಎರಡೂ ಕಡೆಯವರು ದೂರಿದರು. ಅದೊಂದರಲ್ಲೇ ಅವರು ಒಮ್ಮತಕ್ಕೆ ಬಂದದ್ದು. ಆದರೆ ಚಿನ್ನು ಹೋಗುವುದು ಬರುವುದು ನಿಲ್ಲಲಿಲ್ಲ. ಆ ಶಬ್ದವನ್ನು ನಮ್ಮ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ, ಅದರ ಅರ್ಥ ಬೇರೆಯಿತ್ತು ಎಂದು ಮಗುವಿಗೆ ಯಾರೂ ಬಿಡಿಸಿ ಹೇಳಲೂ ಇಲ್ಲ.

ಈಗ ಅವಳು ಒಂಬತ್ತನೆಯ ತರಗತಿ. ಗೌರವ್ವನ ಮೊಣಕಾಲು ಕೈಕೊಟ್ಟ ಮೇಲೆ ಬಸ್ಸಿನಲ್ಲಿ ಒಬ್ಬಳೇ ಬರುತ್ತಾಳೆ. ಇವತ್ತು ಶನಿವಾರ, ಬೆಳಿಗ್ಗೆ ಬಂದು ಕಾಲು ಮೇಲೆ ಹಾಕಿಕೊಂಡು ಫೋನು ನೋಡುತ್ತ ಕುಳಿತಿದ್ದಳು. ಮಹಾಂತೇಶ ಇನ್ನೂ ಬಂದಿರಲಿಲ್ಲ, ಯಾವತ್ತೂ ತಡ. ನಿನ್ನೆಯ ಮೈಕು ನನ್ನ ತಲೆಯಲ್ಲಿ ಇನ್ನೂ ಕೊರೆಯುತ್ತಿತ್ತು. ತಡೆಯಲಾರದೆ ಕೇಳಿಯೇಬಿಟ್ಟೆ.

"ಚಿನ್ನು, ಸಣ್ಣಾಕಿ ಇದ್ದಾಗ ಇಲ್ಲಿ ನಿಂತು ಏಳರ ಮಗ್ಗಿ ಹೇಳಿದ್ದಿ. ನೆನಪೈತೇನು?"

ಅವಳು ಫೋನಿನಿಂದ ತಲೆ ಎತ್ತದೆ ನಕ್ಕಳು. "ಹ್ಞೂಂ ಆಯಿ. ಏಳರದಷ್ಟ ಅಲ್ಲ. ಹನ್ನೆರಡರ ತನಕ ಕಲ್ತ್ ಬಂದಿದ್ದೆ. ಏಳರದು ಸಾಲಲಿಲ್ಲಂದ್ರ ಎಂಟರದು ಹೇಳೂಣು, ಅದೂ ಸಾಲಲಿಲ್ಲಂದ್ರ ಒಂಬತ್ತರದು ಅಂತ."

ಹೊರಗೆ ಬೈಕಿನ ಹಾರ್ನು ಕೇಳಿಸಿತು. ಇವಳು ಚೀಲ ಎತ್ತಿಕೊಂಡಳು. "ಕುಂದ್ರು ಅಲ್ಲೇ" ಎಂದು ಗದರಿ ನಾನು ಬಾಗಿಲಿಗೆ ಹೋದೆ. "ಹಾರ್ನ್ ಹೊಡಿಬ್ಯಾಡೋ! ಒಳಗ ಬಾ. ಹೆಲ್ಮೆಟ್ ತಗದು ಆ ಬೆಂಚಿನ ಮ್ಯಾಲ ಕುಂದ್ರು. ನಿನ್ನ ಮಗಳು ಇನ್ನೂ ಹೇಳೂದು ಉಳದೈತಿ."

"ಏನಾತು ಅತ್ತಿ?" ಎಂದ ಗಾಬರಿಯಾಗಿ. ಏನಾಯಿತೆಂದು ಹೇಳಿದೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಅವನು ಹೆಲ್ಮೆಟ್ ತೆಗೆದು ಬೆಂಚಿನ ಮೇಲೆ ಕುಳಿತಿದ್ದ.

"ಆಯಿ, ಹುಚ್ಚು ಗಿಚ್ಚು ಹಿಡದೈತೇನು ನಿನಗ?" ಎಂದಳು ಚಿನ್ನು. ಆದರೂ ಅಪ್ಪನ ಮುಖ ನೋಡಿ ಫೋನು ಕೆಳಗಿಟ್ಟಳು. ಮೊದಲು ಅಣಕಿಸುವ ದನಿಯಲ್ಲೇ ಎಂಟೊಂದ್ಲೆ ಎಂಟು ಎಂದು ಶುರು ಮಾಡಿದಳು. ಒಂಬತ್ತರ ಮಗ್ಗಿಗೆ ಬರುವಷ್ಟರಲ್ಲಿ ನಗು ಹೋಗಿತ್ತು. ಹತ್ತು, ಹನ್ನೊಂದು, ಹನ್ನೆರಡು. ಅವನು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ತಗ್ಗಿಸಿ, ಒಂದೊಂದನ್ನೂ ಕೇಳಿದ.

"ಇಷ್ಟೂ ಆವತ್ತ ಬರ್ತಿತ್ತೇನವಾ ನಿನಗ?" ಎಂದ ಕೊನೆಗೆ.

"ಬರ್ತಿತ್ತು" ಎಂದಳು. "ನೀ ಏಳಕ್ಕ ಹೂಂ ಅಂದಿ. ಪುಣ್ಯಾಕ."